ಓರೆಯಾದ ಕುದುರೆ

“ಹತ್ತು ನಡೆ ಆಡಿ, ಕೈ ಕುಲುಕಿ, ಕೆಳಗೆ ಬಂದ್ಬಿಡಿ ಮೇಷ್ಟ್ರೇ. ಊಟಕ್ಕೆ ಕರ್ರಿ ರೈಸ್ ನಿಮಗೂ ಸೇರಿಸಿ ಹೇಳಿರ್ತೀನಿ,” ಎಂದ ಬಾಂದೊ.

ಮಿನೊಬೆ ಮೆಟ್ಟಿಲ ಪಕ್ಕದ ಯಂತ್ರದಿಂದ ಬಾರ್ಲಿ ಚಹಾದ ಬಾಟಲಿ ತೆಗೆದುಕೊಳ್ಳುತ್ತಿದ್ದ. ಬಾಗಿದವನು ಹಾಗೆಯೇ ತಲೆಯಾಡಿಸಿದ. ಅದು ಹೌದೆಂದೋ ಅಲ್ಲವೆಂದೋ ಬಾಂದೊಗೆ ತಿಳಿಯಲಿಲ್ಲ.

ಬಾಂದೊ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವನು ದೇಶದ ಮೊದಲ ಸಾಲಿನ ಚೆಸ್ ಆಟಗಾರ, ಹುಟ್ಟಿದಾಗಿನಿಂದ ಚೆಸ್ಸಿನವನೇ. ಅವರ ಲೋಕದಲ್ಲಿ ಇದು ದಿನನಿತ್ಯದ ಮಾತು. ಕೊನೆಯ ಸುತ್ತಿನಲ್ಲಿ ಅರ್ಧ ಅಂಕ ಸಾಕಾದವನು ಡ್ರಾ ಕೇಳುತ್ತಾನೆ, ಕಳೆದುಕೊಳ್ಳಲು ಏನೂ ಇಲ್ಲದ ಎದುರಾಳಿ ಒಪ್ಪುತ್ತಾನೆ, ಇಬ್ಬರೂ ಊಟಕ್ಕೆ ಹೋಗುತ್ತಾರೆ. ಆಯ್ಕೆ ಪಂದ್ಯದ ಈ ಕೊನೆಯ ಸುತ್ತಿನಲ್ಲಿ ಮಿನೊಬೆಗೆ ಬೇಕಾಗಿದ್ದದ್ದು ಅರ್ಧ ಅಂಕ. ಅದು ಸಿಕ್ಕರೆ ದೇಶದೇಶಗಳ ತಂಡಗಳು ಆಡುವ ಚೆಸ್ ಒಲಿಂಪಿಯಾಡ್‌ಗೆ ಹೋಗುವ ಐವರ ತಂಡದ ಕೊನೆಯ ಸ್ಥಾನ ಅವನದು. ಸೋತರೆ ಅದು ನಗೋಯಾದ ಇನ್ನೊಬ್ಬ ಆಟಗಾರನಿಗೆ ಹೋಗುತ್ತದೆ. ಈ ಸುತ್ತಿನಲ್ಲಿ ಆಟವಿಲ್ಲದ ಆ ಮನುಷ್ಯ ಆಗಲೇ ಸಭಾಂಗಣದ ಗೋಡೆಗೆ ಒರಗಿ ನಿಂತಿದ್ದ.

ಮಿನೊಬೆ ಮೂಲತಃ ಚೆಸ್ಸಿನವನಲ್ಲ. ಕಳೆದ ವರ್ಷದ ಮಾರ್ಚ್ ಕೊನೆಯವರೆಗೆ ಅವನು ವೃತ್ತಿಪರ ಶೋಗಿ ಆಟಗಾರನಾಗಿದ್ದ. ಶೋಗಿಯೂ ಚದುರಂಗವೇ, ಆದರೆ ಮಣೆ ಬೇರೆ, ಕಾಯಿ ಬೇರೆ, ಕಾನೂನು ಬೇರೆ. ಹನ್ನೊಂದು ವರ್ಷಗಳ ಹಿಂದೆ ಅವನು ಕಟ್ಟಕಡೆಯ ದರ್ಜೆಯಿಂದ ಕೆಳಗೆ ಬಿದ್ದ. ಹಾಗೆ ಬಿದ್ದವರಿಗೆ ಹತ್ತು ವರ್ಷಗಳ ಗಡುವು. ಅಷ್ಟರೊಳಗೆ ಮೇಲೆ ಹತ್ತದಿದ್ದರೆ ನಿವೃತ್ತಿ. ಅವನು ಹತ್ತಲಿಲ್ಲ. ನಲವತ್ತೇಳರ ವಯಸ್ಸಿಗೆ, ಕೈಕಾಲು ಗಟ್ಟಿಯಿರುವಾಗಲೇ, ಅವನ ಆಟಗಳು ಮುಗಿದುಹೋದವು. ಈಗ ವಾರಕ್ಕೆ ನಾಲ್ಕು ದಿನ ಬಡಾವಣೆಯ ಕೇಂದ್ರದಲ್ಲಿ ಶೋಗಿ ಕಲಿಸುತ್ತಾನೆ. ಬರುವವರು ಒಳ್ಳೆಯವರು, ತಪ್ಪದೆ ನಮಸ್ಕರಿಸುತ್ತಾರೆ. ಅವನ ಎದುರು ಕೂರುವವರೆಲ್ಲ ಅವನಿಂದ ಕಲಿಯಲು ಬಂದವರು. ಅವನನ್ನು ಸೋಲಿಸಲೆಂದು ಬಂದು ಕೂರುವವರು ಯಾರೂ ಇಲ್ಲ. ಇದು ಎಂಥ ಕೊರತೆಯೆಂದು ಅವನು ಯಾರಿಗೂ ವಿವರಿಸಲಾರದೆ ಹೋಗಿದ್ದ. ಇಪ್ಪತ್ತರ ಹರೆಯದಿಂದ ಬಿಡುವಿನಲ್ಲಿ ಆಡುತ್ತ ಬಂದಿದ್ದ ಚೆಸ್ಸನ್ನು ಈ ಒಂದು ವರ್ಷ ಹಸಿದವನಂತೆ ಆಡಿದ್ದ. ತಂಡದ ಆ ಸ್ಥಾನ ಅವನಿಗೆ ಗೌರವದ ಮಾತಾಗಿರಲಿಲ್ಲ. ಹನ್ನೊಂದು ಸುತ್ತುಗಳ ಆ ಪಂದ್ಯದಲ್ಲಿ, ಅವನನ್ನು ಸೋಲಿಸಲೆಂದೇ ಬರುವವರು ಅವನ ಎದುರು ಕೂರುತ್ತಿದ್ದರು.

ಅಡ್ಡಿಯೆಂದರೆ, ಕೊನೆಯ ಸುತ್ತಿನ ಎದುರಾಳಿ ಇಸೊಗೈ.

ಇಸೊಗೈ ಕೂಡ ಶೋಗಿಯವನೇ, ಇನ್ನೂ ಆಡುತ್ತಿರುವ ವೃತ್ತಿಪರ. ಇಬ್ಬರಿಗೂ ಗುರು ಒಬ್ಬರೇ, ಕುರಾಮೊಚಿ ಗುರುಗಳು; ಆ ಲೆಕ್ಕದಲ್ಲಿ ಮಿನೊಬೆ ಅಣ್ಣ, ಇಸೊಗೈ ತಮ್ಮ. ಇಸೊಗೈ ಅವರ ಮನೆಗೆ ಬಂದಾಗ ಕಾಯಿ ಹಿಡಿಯುವುದನ್ನು ತಿದ್ದಿದವನು ಮಿನೊಬೆ. ಹನ್ನೊಂದು ವರ್ಷಗಳ ಹಿಂದೆ, ಗೆದ್ದಿದ್ದರೆ ದರ್ಜೆಯಲ್ಲಿ ಉಳಿಯಬಹುದಾಗಿದ್ದ ಕೊನೆಯ ಆಟದಲ್ಲಿ, ಮಿನೊಬೆಯ ಎದುರಿಗಿದ್ದವನು ಇದೇ ಇಸೊಗೈ. ಆಗ ಅವನಿಗೆ ಇಪ್ಪತ್ತೆರಡು. ಆ ಆಟದ ಗೆಲುವಿನಿಂದ ಅವನಿಗೆ ಬರುವುದು ಏನೂ ಇರಲಿಲ್ಲ, ಸೋಲಿನಿಂದ ಹೋಗುವುದೂ ಇರಲಿಲ್ಲ. ಆದರೂ ಜೀವ ಒತ್ತೆಯಿಟ್ಟವನಂತೆ ಆಡಿ ಗೆದ್ದ. ಶೋಗಿಯವರ ನಡುವೆ ಅದು ಕಟ್ಟುನಿಟ್ಟು: ನಿನಗೆ ಏನೂ ಅಲ್ಲದ, ಎದುರಿನವನಿಗೆ ಎಲ್ಲವೂ ಆಗಿರುವ ಆಟದಲ್ಲೇ ಕೂದಲೆಳೆಯಷ್ಟೂ ಸಡಿಲ ಬಿಡಬಾರದು. ಗುರುಗಳು ಇದನ್ನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಬೆಳಿಗ್ಗೆ ಹಲ್ಲುಜ್ಜಬೇಕೆಂದು ಯಾರು ಯಾರಿಗೆ ಹೇಳುತ್ತಾರೆ? ಆ ಸಂಜೆ ಮಿನೊಬೆಯೇ ತಮ್ಮನನ್ನು ಸೋಬಾ ಶಾವಿಗೆ ತಿನ್ನಲು ಕರೆದೊಯ್ದಿದ್ದ. ಇಸೊಗೈಗೆ ಒಂದು ತುತ್ತೂ ಇಳಿದಿರಲಿಲ್ಲ.

ಈಗ ಇಸೊಗೈ ಮೆಟ್ಟಿಲು ಹತ್ತಿ ಬರುತ್ತಿದ್ದ. ಮೇ ತಿಂಗಳ ಬಿಸಿಲಿನಲ್ಲೂ ಕಪ್ಪು ಕೋಟು, ಟೈ.

“ಇಬ್ರೂ ಮದುವೆಗೆ ಹೊರಟಂಗಿದೀರಲ್ರೀ!” ಎಂದು ನಕ್ಕು ಬಾಂದೊ ಕೆಳಗಿಳಿದು ಹೋದ.

“ಅಣ್ಣ,” ಎಂದ ಇಸೊಗೈ. “ಬಾಂದೊ ಅವ್ರು ನನಗೂ ಹೇಳಿದ್ರು. ಹತ್ತು ನಡೆ ಅಂತ.”

“ನೀನೇನಂದೆ?”

“ಅಷ್ಟು ಬೇಗ ನನಗೆ ಹಸಿವಾಗಲ್ಲ ಅಂದೆ.”

“ಸರಿ. ಡ್ರಾ ಗೀ ಅಂತ ಬಾಯಿಬಿಟ್ಟೆಯೋ, ಎಲ್ಲರೆದುರು ಕಿವಿ ಹಿಂಡ್ತೀನಿ.”

ಇಸೊಗೈ ನಗಲಿಲ್ಲ. “ಇದು ಎರಡನೇ ಸಲ ಅಣ್ಣ,” ಎಂದ.

“ಗೊತ್ತು. ನಡಿ.”

ಹಾಗೆಂದು ಮುಂದೆ ನಡೆದರೂ ಮಿನೊಬೆಗೆ ಒಂದು ಅಳುಕು ಅಂಟಿಕೊಂಡಿತು. ತಮ್ಮನ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು ಇತ್ತು. ಒಮ್ಮೆ ಅಣ್ಣನನ್ನು ಕಡಿದ ಕೈ ಎರಡನೇ ಸಲವೂ ಕಡಿಯುತ್ತದೆಂದು ಹೇಳಲಾಗದು.

ಆಟದ ಮೊದಲ ಮೂರು ಗಂಟೆ ಆ ಅಳುಕಿಗೆ ಎಡೆಯೇ ಕೊಡಲಿಲ್ಲ. ಬಿಳಿಯ ಕಾಯಿಗಳಲ್ಲಿ ಆಡುತ್ತಿದ್ದ ಇಸೊಗೈ ಅವಸರವಿಲ್ಲದೆ ಒತ್ತುತ್ತ ಬಂದ. ರಾಣಿಯರು ಹೋದರು. ಒಂದೊಂದು ಆನೆ ಹೋಯಿತು. ಕೊನೆಗೆ ಬಿಳಿಯ ಕುದುರೆಯೊಂದು ಮಣೆಯ ನಟ್ಟನಡುವೆ, ಮಿನೊಬೆಯ ಕಾಲಾಳಿನ ಮೂಗಿಗೆ ಮೂಗು ತಾಗಿಸಿ ಕುಳಿತುಬಿಟ್ಟಿತು. ಅದನ್ನು ಅಲ್ಲಿಂದ ಓಡಿಸಲು ಕಪ್ಪಿನ ಬಳಿ ಏನೂ ಇರಲಿಲ್ಲ. ಕಾಲಾಳು ಮುಂದೆ ಹೋಗುವಂತಿಲ್ಲ. ಅದು ಹೋಗದೆ ಅದರ ಹಿಂದೆ ಸಿಕ್ಕಿಕೊಂಡ ಒಂಟೆ ಹೊರಗೆ ಬರುವಂತಿಲ್ಲ. ಇಷ್ಟರ ಮೇಲೆ ಬಿಳಿಯ ಆನೆ ಏಳನೆಯ ಸಾಲಿಗೆ ನುಗ್ಗಲು ಸಿದ್ಧವಾಗಿತ್ತು. ಅದೊಂದು ನಡೆ ಬಂದರೆ ಮುಗಿಯಿತು. ಮಿನೊಬೆ ಎಷ್ಟು ಎಣಿಸಿದರೂ ತಡೆ ಕಾಣಲಿಲ್ಲ.

ಅವನು ಆಡಬಹುದಾದ ನಡೆಯನ್ನು ಆಡಿದ, ಗಡಿಯಾರ ಒತ್ತಿದ, ಮುಖ ತೊಳೆದುಕೊಳ್ಳಲು ಎದ್ದ. ಏಳುವಾಗ ಕೋಟಿನ ತೋಳು ಯಾವುದಕ್ಕೋ ತಾಗಿದಂತಾಯಿತು. ಏನೂ ಬೀಳಲಿಲ್ಲ. ಹೊರಟುಹೋದ.

ತಣ್ಣೀರಿಗೆ ಮುಖವೊಡ್ಡಿ ನಿಂತಾಗ ನಗೋಯಾದವನ ಮುಖ ನೆನಪಾಯಿತು. ಅವನಿಗೂ ಇದು ಬೇಕಾಗಿದೆ, ಪಾಪ. ಮಿನೊಬೆ ಕರವಸ್ತ್ರದಿಂದ ಒರೆಸಿಕೊಂಡು ಹಿಂತಿರುಗಿದ. ಬಾಗಿಲ ಬಳಿ ಬಂದು ನೇರವಾಗಿ ತಮ್ಮ ಮೇಜನ್ನೇ ನೋಡಿದ.

ಬಿಳಿಯ ಕುದುರೆ ಓರೆಯಾಗಿತ್ತು. ತೋಳು ತಾಗಿದ್ದು ಅದಕ್ಕೇ. ಅದರ ಮುಖ ಎದುರಾಳಿಯನ್ನು ಬಿಟ್ಟು ಪಕ್ಕದ ಗೋಡೆಯನ್ನು ನೋಡುತ್ತಿತ್ತು. ಇಸೊಗೈಯ ಬಲಗೈ ಮೇಲೆದ್ದಿತು. ಮೂರು ಬೆರಳು ಕುದುರೆಯ ತಲೆಯನ್ನು ಹಗುರವಾಗಿ ಹಿಡಿದು, ಮುಂದಕ್ಕೆ ತಿರುಗಿಸಿ, ಮನೆಯ ನಡುವಿಗೆ ಸರಿಸಿ, ಬಿಟ್ಟವು. ಕೈ ಹಿಂದಕ್ಕೆ ಬರುತ್ತ ಅರ್ಧದಲ್ಲೇ, ಗಾಳಿಯಲ್ಲೇ, ನಿಂತಿತು.

ಶೋಗಿಯ ಕಾಯಿಗಳಿಗೆ ಕಪ್ಪು ಬಿಳುಪಿಲ್ಲ. ಎಲ್ಲವೂ ಒಂದೇ ಮರ, ಒಂದೇ ಬಣ್ಣ. ಕಾಯಿಯ ಚೂಪು ತುದಿ ಯಾವ ಕಡೆಗಿದೆ ಎಂಬುದೊಂದೇ ಅದು ಯಾರದೆಂದು ಹೇಳುತ್ತದೆ. ಓರೆಯಾದ ಕಾಯಿ ಶೋಗಿಯವನಿಗೆ ಕಣ್ಣಲ್ಲಿ ಬಿದ್ದ ಕಸ. ಅದನ್ನು ನೇರ ಮಾಡುವುದು ಸಭ್ಯತೆ. ಯಾರೂ ಕೇಳುವುದಿಲ್ಲ, ಯಾರೂ ಗಮನಿಸುವುದೂ ಇಲ್ಲ. ಚೆಸ್ಸಿನಲ್ಲಿ ಹಾಗಲ್ಲ. ನಿನ್ನ ಸರದಿಯಲ್ಲಿ ನಿನ್ನ ಕಾಯಿಯನ್ನು ಮುಟ್ಟಿದರೆ ಅದನ್ನೇ ನಡೆಸಬೇಕು. ಬರೀ ಸರಿಪಡಿಸುವುದಾದರೆ ಮುಟ್ಟುವ ಮೊದಲೇ ಬಾಯಲ್ಲಿ ಹೇಳಬೇಕು. ಚೆಸ್ಸಿಗೆ ಬಂದ ಹೊಸತರಲ್ಲಿ ಇಬ್ಬರೂ ಈ ಕಾನೂನಿಗೆ ಸಿಕ್ಕಿ ಆಟ ಕಳೆದುಕೊಂಡಿದ್ದರು. ಆಮೇಲೆ ಇಸೊಗೈ ಎಷ್ಟು ಎಚ್ಚರ ಕಲಿತನೆಂದರೆ, ಕಾಯಿಯ ಹತ್ತಿರ ಕೈ ಹೋಗುವ ಮೊದಲೇ “ಸರಿ ಮಾಡ್ತೀನಿ, ಸರಿ ಮಾಡ್ತೀನಿ” ಎಂದು ಜಪ ಮಾಡುತ್ತಿದ್ದ. ಅಕ್ಕಪಕ್ಕದ ಮೇಜಿನವರು ಮುಖ ಸಿಂಡರಿಸುತ್ತಿದ್ದರು. ಈ ಪಂದ್ಯದ ಎಂಟು ಸುತ್ತುಗಳಲ್ಲೂ ಅದು ತಪ್ಪಿರಲಿಲ್ಲ.

ಈಗ ಅವನು ಏನನ್ನೂ ಹೇಳಿರಲಿಲ್ಲ.

ತೀರ್ಪುಗಾರ್ತಿ ಶಿಯೊದಾ ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದಳು. ಅವಳು ಮುಂದೆ ಬಂದಳು. ಅಷ್ಟರಲ್ಲಿ ಮಿನೊಬೆಯೂ ಕುರ್ಚಿಯ ಬಳಿ ತಲುಪಿದ್ದ.

“ಇಸೊಗೈ ಅವ್ರೇ, ಕುದುರೆ ಮುಟ್ಟಿದ್ರಿ,” ಎಂದು ಪಿಸುದನಿಯಲ್ಲಿ ಹೇಳಿದಳು.

“ಹೌದು. ಮುಟ್ಟಿದೆ.”

“ಸರಿ ಮಾಡ್ತೀನಿ ಅಂದ್ರಾ? ನನಗೆ ಕೇಳಿಸ್ಲಿಲ್ಲ.”

“ಅನ್ಲಿಲ್ಲ.”

“ಇಡೀ ವಾರ ಅಂತಾನೇ ಇದ್ರಲ್ರೀ!” ಎಂದವಳು ಕೂಡಲೇ ದನಿ ಗಟ್ಟಿ ಮಾಡಿಕೊಂಡಳು. “ಹಾಗಾದ್ರೆ ಅದನ್ನೇ ನಡೆಸ್ಬೇಕು.”

“ಗೊತ್ತು.”

ಮಿನೊಬೆ ಕುಳಿತ. ಕುದುರೆ ಆ ಮನೆ ಬಿಟ್ಟರೆ ಕಾಲಾಳಿಗೆ ದಾರಿ, ಒಂಟೆಗೆ ಬಾಗಿಲು. ಮುಗಿದಿದ್ದ ಆಟ ಮುಗಿದಿಲ್ಲ. ಅರ್ಧ ಅಂಕ ಮೇಜಿನ ಮೇಲೆ ಬಂದು ಕೂತಿದೆ. ಸಂತೋಷವಾಗಬೇಕಿತ್ತು. ಆದರೆ ಅವನು ಮಣೆ ಬಿಟ್ಟು ತಮ್ಮನ ಮುಖವನ್ನೇ ನೋಡಿದ.

ಎರಡು ಸಾಧ್ಯತೆಗಳಿದ್ದವು. ದಣಿದ ತಮ್ಮನ ಕೈ ತನ್ನ ಪಾಡಿಗೆ ತಾನು ಹೋಯಿತು; ಅಥವಾ ಬಾಗಿಲಲ್ಲಿ ನಿಂತ ಅಣ್ಣನನ್ನೂ ಪಕ್ಕದಲ್ಲಿದ್ದ ಶಿಯೊದಾಳನ್ನೂ ಓರೆಗಣ್ಣಲ್ಲಿ ನೋಡಿಯೇ, ಎರಡನೆಯ ಸಲ ಕಡಿಯಲಾರದೆ, ಮುಟ್ಟಿದ. ಕಂಡದ್ದು ಎರಡಕ್ಕೂ ಸಮನಾಗಿ ಹೊಂದುತ್ತಿತ್ತು. ಕೇಳಿ ತಿಳಿಯುವಂತಿರಲಿಲ್ಲ, ಆಟದ ನಡುವೆ ಎದುರಾಳಿಯೊಡನೆ ಮಾತಿಲ್ಲ. ಕೇಳಿದರೂ ಯಾವ ಉತ್ತರವನ್ನು ನಂಬುವುದು?

ದಯೆಯಾಗಿದ್ದರೆ ಏನು ಮಾಡಬೇಕೆಂಬುದು ಮಾತ್ರ ಅವನಿಗೆ ಸ್ಪಷ್ಟವಿತ್ತು. ಗಡಿಯಾರ ನಿಲ್ಲಿಸಿ, ಸೋತೆನೆಂದು ತಲೆಬಾಗಿಸಿ, ಎದ್ದುಹೋಗುವುದು. ತನ್ನನ್ನು ಸೋಲಿಸಬೇಕೆಂದು ಕೂತವರ ಎದುರು ಆಡಲು ಅವನಿಗೆ ಆ ಸ್ಥಾನ ಬೇಕಿತ್ತು. ಸೋಲಿಸಬಾರದೆಂದು ಕೂತವನಿಂದ ಅದನ್ನು ಪಡೆದು ಹೋಗುವುದಕ್ಕೆ ಅರ್ಥವೇ ಇರಲಿಲ್ಲ.

ಕುದುರೆ ಸಾಯದೆ ಹೋಗಬಹುದಾದ ಮನೆಗಳು ಮೂರು. ಎರಡರಲ್ಲಿ ಆಟ ಸಮನಾಗಿ, ತಂಪಾಗಿ ಸಾಗುತ್ತದೆ. ಇನ್ನಿಪ್ಪತ್ತು ನಡೆಯಲ್ಲಿ ಡ್ರಾ. ಮೂರನೆಯದು ಹಿಂದಕ್ಕೆ, ತನ್ನದೇ ರಾಜನ ಮಗ್ಗುಲಿಗೆ. ಅದನ್ನು ಮಿನೊಬೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಲ್ಲಿಗೆ ಹೋದರೆ ಅಂಚಿನ ಕಾಲಾಳಿಗೆ ಕಾವಲು ತಪ್ಪುತ್ತದೆ.

ಇಸೊಗೈ ಯೋಚಿಸುತ್ತಲೇ ಇದ್ದ. ಅವನ ಕಿವಿಗಳು ಕೆಂಪಾಗಿದ್ದವು. ಗಡಿಯಾರದಲ್ಲಿ ಅವನ ಸಮಯ ಕರಗಿತು. ಕೊನೆಗೆ ಅವನು ಕುದುರೆಯನ್ನು ಎತ್ತಿ ಹಿಂದಕ್ಕೆ, ರಾಜನ ಮಗ್ಗುಲಿಗೆ ಇಟ್ಟ.

ಕಾಲಾಳನ್ನೂ ಬಿಟ್ಟುಕೊಟ್ಟ! ಮಿನೊಬೆಯ ಮುಖಕ್ಕೆ ರಕ್ತ ನುಗ್ಗಿತು. ಕುದುರೆ ಸಾಲದೆಂದು ಮೇಲೊಂದು ಕಾಲಾಳು, ಹಬ್ಬದ ಉಡುಗೊರೆಗೆ ಕಾಗದ ಸುತ್ತಿ ಕೊಟ್ಟಂತೆ. ಅವನ ಕೈ ಗಡಿಯಾರದತ್ತ ಚಾಚಿತು. ನಿಲ್ಲಿಸುವ ಗುಂಡಿಯ ಮೇಲೆ ಬೆರಳು ಬಂದಿತ್ತು. ಆ ಕ್ಷಣದಲ್ಲಿ ಅವನ ಕಣ್ಣು, ನಲವತ್ತು ವರ್ಷಗಳ ಅಭ್ಯಾಸದಿಂದ, ಯಾರ ಅಪ್ಪಣೆಗೂ ಕಾಯದೆ ಮುಂದಿನ ನಡೆಗಳನ್ನು ಓದತೊಡಗಿತು. ನನ್ನ ಆನೆ ಕಾಲಾಳನ್ನು ತಿನ್ನುತ್ತದೆ. ಅವನ ರಾಜ ಒಂದು ಹೆಜ್ಜೆ ಸರಿಯುತ್ತಾನೆ. ನಾನು ಆನೆಯನ್ನು ಹಿಂದಕ್ಕೆ ತರಬೇಕು, ಇರುವುದು ಒಂದೇ ದಾರಿ. ಆಗ ಆ ಕುದುರೆ...

ಬೆರಳು ಗುಂಡಿಯ ಮೇಲೇ ಉಳಿಯಿತು. ಆಗ ಆ ಕುದುರೆ ಒಂದೇ ನೆಗೆತದಲ್ಲಿ ಮಿನೊಬೆಯ ರಾಜನಿಗೂ ಆನೆಗೂ ಒಟ್ಟಿಗೆ ಬಾಯಿ ಹಾಕುತ್ತಿತ್ತು. ಅದು ಉಡುಗೊರೆಯಲ್ಲ, ಉರುಲು. ಇದ್ದ ಮೂರು ಮನೆಗಳಲ್ಲಿ ಗೆಲುವಿನ ಆಸೆ ಉಳಿದಿದ್ದ ಒಂದೇ ಮನೆ. ಹಿಡಿಯಲು ಕಷ್ಟವಾದದ್ದು, ಅವಮಾನದಿಂದ ಕುದಿಯುತ್ತಿರುವವನು ಮಾತ್ರ ಹುಡುಕಿ ತೆಗೆಯಬಲ್ಲಂಥದ್ದು. ಕಾಪಾಡಬೇಕೆಂದು ಕುದುರೆ ಮುಟ್ಟಿದವನು ಅದನ್ನು ಅಲ್ಲಿಗೆ ತೆಗೆದುಕೊಂಡು ಹೋಗುವುದಿಲ್ಲ.

‘ಬಡ್ಡೀಮಗನೇ,’ ಎಂದುಕೊಂಡ ಮಿನೊಬೆ, ಬಲು ಪ್ರೀತಿಯಿಂದ. ಕೈ ಹಿಂದಕ್ಕೆ ತಂದು ತೊಡೆಯ ಮೇಲಿಟ್ಟುಕೊಂಡ. ಅಂಚಿನ ಕಾಲಾಳನ್ನು ಮುಟ್ಟಲಿಲ್ಲ. ನಡುವಿನ ತನ್ನ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದ.

ಆಮೇಲಿನದು ಕೆಸರಿನ ಕುಸ್ತಿ. ಒಂಟೆ ಹೊರಬಂದಿತು, ಕಾಲಾಳುಗಳು ಒಂದಕ್ಕೊಂದು ಬಿದ್ದವು. ಅನುಮಾನ ಹೋಗಿದ್ದರೂ ಅಪಾಯ ಹೋಗಿರಲಿಲ್ಲ. ಇಸೊಗೈಯ ಅಂಚಿನ ಕಾಲಾಳು ಯಾರಿಗೂ ಸಿಗದೆ ಓಡಿ ಓಡಿ ರಾಣಿಯಾಗಲು ಒಂದೇ ಹೆಜ್ಜೆ ಬಾಕಿಯಿದ್ದಲ್ಲಿಗೆ ಬಂತು. ಇಬ್ಬರ ಗಡಿಯಾರದಲ್ಲೂ ನಡೆಗೊಮ್ಮೆ ಸೇರುವ ಅರ್ಧ ನಿಮಿಷ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಬೇರೆ ಮೇಜುಗಳು ಮುಗಿದು ಜನ ಸುತ್ತ ಸೇರಿದ್ದರು. ನಗೋಯಾದವನು ಗೋಡೆ ಬಿಟ್ಟು ಮುಂದೆ ಬಂದಿದ್ದ.

ಮಿನೊಬೆಗೆ ಒಂದೇ ದಾರಿಯಿತ್ತು. ಆನೆಯಿಂದ ಚೆಕ್ ಕೊಟ್ಟ. ಬಿಳಿಯ ರಾಜ ಪಕ್ಕಕ್ಕೆ ಸರಿದ. ಮತ್ತೆ ಚೆಕ್, ರಾಜ ಮೊದಲಿನ ಮನೆಗೇ ಬಂದ. ಒಂಟೆ ಉಳಿದ ದಾರಿಗಳನ್ನೆಲ್ಲ ಕಾಯುತ್ತಿದ್ದುದರಿಂದ ಅವನಿಗೆ ಮೂರನೆಯ ಮನೆಯಿರಲಿಲ್ಲ. ಚೆಕ್, ಪಕ್ಕಕ್ಕೆ. ಚೆಕ್, ಮೊದಲಿನ ಮನೆಗೆ. ಅದೇ ಸ್ಥಿತಿ ಎರಡನೆಯ ಸಲ ಬಂದಿತ್ತು. ಮೂರನೆಯ ಸಲ ಬಂದರೆ ಚೆಸ್ಸಿನ ಕಾನೂನಿನಲ್ಲಿ ಡ್ರಾ.

ಅಲ್ಲಿ ಅವನ ಕೈ ನಿಂತುಹೋಯಿತು.

ಶೋಗಿಯಲ್ಲಿ ಹೀಗೆ ಮಾಡುವಂತಿಲ್ಲ. ಬಿಡದೆ ಚೆಕ್ ಕೊಡುತ್ತ ಅದೇ ಸ್ಥಿತಿಯನ್ನು ಸುತ್ತಿಸುವವನು ದಾರಿ ಬದಲಿಸಬೇಕು. ಬದಲಿಸದಿದ್ದರೆ ಸೋತವನು ಅವನೇ. ಆರನೆಯ ವಯಸ್ಸಿನಲ್ಲಿ ಕಲಿತದ್ದು. ತಲೆಗೆ ಗೊತ್ತಿತ್ತು, ಇದು ಬೇರೆ ಮಣೆ, ಬೇರೆ ಕಾನೂನು. ತೋಳಿಗೆ ಗೊತ್ತಿರಲಿಲ್ಲ. ತೋಳು ತಪ್ಪು ಮಾಡಲು ಹೊರಟವನ ತೋಳಿನಂತೆ ಭಾರವಾಗಿ, ಬೇರೆ ನಡೆ ಹುಡುಕು ಎನ್ನುತ್ತಿತ್ತು. ಬೇರೆ ನಡೆ ಇತ್ತು ಕೂಡ: ಒಂಟೆಯನ್ನು ಬಲಿಕೊಟ್ಟು ರಾಜನನ್ನು ಬಯಲಿಗೆಳೆಯುವ, ಕಣ್ಣಿಗೆ ತುಂಬ ಚೆಲುವಾದ ನಡೆ. ಗಡಿಯಾರ ಇಪ್ಪತ್ತು ಸೆಕೆಂಡಿಗೆ ಇಳಿಯಿತು. ಒಂಟೆಯ ಬಲಿ, ರಾಜ ಮೇಲಕ್ಕೆ, ಆನೆ ಅಡ್ಡಕ್ಕೆ, ರಾಜ ಇನ್ನೂ ಮೇಲಕ್ಕೆ... ಹತ್ತು. ಆಮೇಲೆ ಚೆಕ್ ಇಲ್ಲ. ಕಾಲಾಳು ರಾಣಿಯಾಗುತ್ತದೆ. ಸೋಲು.

ಐದು. ಮಿನೊಬೆ ಪೆನ್ನು ಹಿಡಿದು, ಆಡಲಿರುವ ಆನೆಯ ನಡೆಯನ್ನು ಬರೆದು, ಕಾಯಿ ಮುಟ್ಟದೆ ಗಡಿಯಾರ ನಿಲ್ಲಿಸಿ ಕೈಯೆತ್ತಿದ. ಅಕ್ಷರ ಕೋಳಿ ಕೆದರಿದಂತಿತ್ತು.

“ಮೂರನೇ ಸಲ,” ಎಂದ.

ಶಿಯೊದಾ ಇಬ್ಬರೂ ಬರೆದಿದ್ದ ನಡೆಗಳನ್ನು ಹೋಲಿಸಿ, ಪಕ್ಕದ ಮಣೆಯ ಮೇಲೆ ಆಡಿ ನೋಡಿದಳು. ಅದಕ್ಕೆ ಹಿಡಿದ ಹೊತ್ತು ಇಡೀ ಆಟಕ್ಕಿಂತ ಉದ್ದವೆನಿಸಿತು. ನಗೋಯಾದವನು ಮಣೆಯನ್ನಲ್ಲ, ಅವಳ ತುಟಿಯನ್ನು ನೋಡುತ್ತಿದ್ದ.

“ಸರಿಯಾಗಿದೆ. ಡ್ರಾ.”

ಇಬ್ಬರೂ ಒಟ್ಟಿಗೆ, ಮೇಜಿಗೆ ಹಣೆ ತಾಗುವಂತೆ, ತಲೆಬಾಗಿದರು. ಶಿಯೊದಾ ಮೆಲ್ಲನೆ ಕೆಮ್ಮಿದ ಮೇಲೆ ಕೈ ಕುಲುಕುವುದು ನೆನಪಾಗಿ ಕುಲುಕಿದರು. ನಗೋಯಾದವನು ಮಿನೊಬೆಗೆ ಒಂದು ಸಣ್ಣ ನಮಸ್ಕಾರ ಮಾಡಿ, ಚೀಲ ಹೆಗಲಿಗೇರಿಸಿ, ಯಾರ ಜೊತೆಗೂ ಮಾತಾಡದೆ ಹೊರಟುಹೋದ. ಮಿನೊಬೆ ಬಾಗಿಲು ಮುಚ್ಚುವವರೆಗೂ ಅವನನ್ನೇ ನೋಡಿದ.

“ನಮ್ಮ ಕಾನೂನಲ್ಲಾಗಿದ್ರೆ ನೀವು ಸೋತಿದ್ರಿ ಅಣ್ಣ,” ಎಂದ ಇಸೊಗೈ.

“ಸೋತಿದ್ದೆ. ಕೈ ಏಳ್ತಾನೇ ಇರ್ಲಿಲ್ಲ, ನೋಡಿದೆಯಾ?”

“ನೋಡಿದೆ. ಒಂಟೆ ಕೊಟ್ಬಿಡ್ತೀರಾ ಅಂತ ಕಾಯ್ತಿದ್ದೆ. ಕೊಡಿ, ಕೊಡಿ ಅಂತ ಮನಸ್ಸಲ್ಲೇ ಬೇಡ್ಕೋತಿದ್ದೆ.”

ಆಟ ಮುಗಿದ ಮೇಲೆ ಸೋತವನೂ ಗೆದ್ದವನೂ ಕೂಡಿ ಅದನ್ನು ಮೊದಲಿನಿಂದ ತಿರುವಿ ನೋಡುವುದು ಶೋಗಿಯವರ ವಾಡಿಕೆ. ಯಾರೂ ಬನ್ನಿ ಎನ್ನಲಿಲ್ಲ. ಕಾಯಿಗಳು ತಾವಾಗಿಯೇ ಹಿಂದಿನ ಮನೆಗಳಿಗೆ ಮರಳತೊಡಗಿದವು. ಕುದುರೆ ನಟ್ಟನಡುವಿಗೆ ಬಂದಾಗ ಇಸೊಗೈ ಆನೆಯನ್ನು ಏಳನೆಯ ಸಾಲಿಗೆ ಇಟ್ಟು, ಒಂದರ ಹಿಂದೊಂದು ನಡೆ ತೋರಿಸಿದ. ಮಿನೊಬೆ ಎಲ್ಲಿ ತಡೆದರೂ ಅಲ್ಲಿ ಒಡೆಯುತ್ತಿತ್ತು. ಕೊನೆಯ ಕಾಯಿ ಇಡುವಾಗ ಇಸೊಗೈ ಅದನ್ನು ಮಣೆಗೆ ಸ್ವಲ್ಪ ಜೋರಾಗಿಯೇ ಕುಕ್ಕಿದ.

“ಗೆದ್ದಿದ್ದೆ!” ಎಂದ. “ಥೂ. ಗೆದ್ದಿದ್ದೆ ನಾನು. ಇಡೀ ವಾರ ಗಿಳಿ ಹಂಗೆ ಒದರ್ಕೊಂಡಿದ್ದು, ಇವತ್ತು ಬಾಯಿಗೇನಾಗಿತ್ತು?”

ಅವನ ಕಣ್ಣುಗಳು ತುಂಬಿದ್ದವು. ಮಿನೊಬೆ ಅತ್ತ ನೋಡದೆ ಕಾಯಿಗಳನ್ನು ಜೋಡಿಸುತ್ತಿದ್ದ.

“ಅಣ್ಣ, ನೀವು ನನ್ನ ಮೇಲೆ ಅನುಮಾನ ಪಟ್ರಿ ಅಲ್ವಾ?”

“ಪಟ್ಟೆ.”

“ಎಷ್ಟು ಹೊತ್ತು?”

“ನೀನು ಕುದುರೆ ಎತ್ತಿ ಇಡೋವರೆಗೆ. ಇಟ್ಟ ಮೇಲೂ ಒಂದು ಗಳಿಗೆ. ಗಡಿಯಾರ ನಿಲ್ಲಿಸಿ ಎದ್ದೇ ಬಿಡ್ತಿದ್ದೆ ಕಣೋ.”

ಇಸೊಗೈ ಬೆಚ್ಚಿದ. “ಹಾಗೆ ಎದ್ದಿದ್ರೆ ಇನ್ಮೇಲೆ ನಿಮ್ಮ ಮುಖ ನೋಡ್ತಿರ್ಲಿಲ್ಲ.”

“ನಾನೂ ನಿನ್ನ ಮುಖ ನೋಡ್ತಿರ್ಲಿಲ್ಲ.”

ಸಭಾಂಗಣದ ಆ ಬದಿಯಲ್ಲಿ ಕುರ್ಚಿಗಳನ್ನು ಮಡಚುವ ಸದ್ದು. ಬಾಂದೊ ಬಾಗಿಲಲ್ಲಿ ತಲೆ ಹಾಕಿ ಕೂಗಿದ: “ಮೇಷ್ಟ್ರೇ, ತಂಡಕ್ಕೆ ಹೆಸರು ಕಳಿಸ್ಬೇಕಂತೆ. ಬರ್ತೀರಾ ತಾನೇ?”

ಮಿನೊಬೆ ಮಣೆಯಿಂದ ತಲೆಯೆತ್ತಿದ. “ಬರ್ತೀನಿ,” ಎಂದ.

“ಅಲ್ಲಿ ಹುಷಾರು ಅಣ್ಣ,” ಎಂದ ಇಸೊಗೈ, ಮೂಗು ಒರೆಸಿಕೊಳ್ಳುತ್ತ. “ಹೊರದೇಶದೋರು. ವಯಸ್ಸಾದೋರು, ದೊಡ್ಡೋರು ಅಂತೆಲ್ಲಾ ನೋಡಲ್ಲ ಅವ್ರು.”

“ಇಲ್ಲಿ ಯಾರು ನೋಡಿದ್ರು?” ಎಂದ ಮಿನೊಬೆ.